ಫ್ಯಾನ್ ಬಂದ್

ಬೇಸಿಗೆ ಶುರುವಾಯಿತೆಂದರೆ ಮೆಹದಿಪಟ್ಟಣಂ ಬಸ್ ನಿಲ್ದಾಣದ ಹಿಂದಿನ ಸಂದಿಯಲ್ಲಿ ಕೂಲರ್ ರಿಪೇರಿಯವರು ಅಂಗಡಿಯ ಸಾಮಾನನ್ನೆಲ್ಲ ರಸ್ತೆಗೇ ತಂದು ಹರಡುತ್ತಾರೆ. ಹೋದ ವರ್ಷದ ಒಣಗಿದ ಹುಲ್ಲನ್ನು ಕಿತ್ತೆಸೆದು, ಹೊಸ ಖಸ್ ತುಂಬಿ, ಮೇಲೆ ನೀರು ಹೊಯ್ದು, ಮೋಟಾರು ಹಾಕಿ ನೋಡುತ್ತಾರೆ. ಆ ಒದ್ದೆ ಲಾವಂಚದ ಗಾಳಿ ಮುಖಕ್ಕೆ ಬಡಿದರೆ ಬೇರೆಯವರಿಗೆ ಜೀವ ತಂಪಾಗುತ್ತದಂತೆ. ನನಗೆ ಬೆವರು ಬರುತ್ತದೆ. ಮೊನ್ನೆ ಆಟೋ ಹುಡುಕುತ್ತ ಆ ಸಂದಿಗೆ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟೆ. ಅಂಗಡಿಯವನು ನಾನು ಗಿರಾಕಿಯೆಂದುಕೊಂಡು "ಲೇಲೋ ಅಮ್ಮಾ, ಅಸಲೀ ಖಸ್ ಹೈ" ಎಂದ. ಅಸಲಿಯೇ ಹೌದು, ನನಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು ಮಾರಾಯ ಎಂದುಕೊಂಡೆ.

ಆ ಅಂಗಡಿಯಿಂದ ಎಡಕ್ಕೆ ತಿರುಗಿ ಸ್ವಲ್ಪ ಒಳಗೆ ಹೋದರೆ ಒಂದು ಹಳೆಯ ಬಂಗಲೆ ಇತ್ತು. ಕೆಲವು ವರ್ಷಗಳ ಹಿಂದೆ ಒಂದು ಇಡೀ ಬೇಸಿಗೆ ನಾನು ಅಲ್ಲಿ ಕೆಲಸ ಮಾಡಿದೆ. ಕನ್ನಡದ ಒಂದು ಧಾರಾವಾಹಿ. ತೆಗೆಯುವವರು ತೆಲುಗಿನವರು, ಆದ್ದರಿಂದ ಹೈದರಾಬಾದಿನಲ್ಲೇ ಶೂಟಿಂಗ್. ನಾನು ಸೌಂಡ್ ರೆಕಾರ್ಡಿಸ್ಟ್. ಕ್ಯಾಮೆರಾದವನು ಮುಖ ಹಿಡಿಯುತ್ತಾನೆ, ನಾನು ಮಾತು ಹಿಡಿಯುತ್ತೇನೆ, ಅಷ್ಟೇ ವ್ಯತ್ಯಾಸ. ಅವನನ್ನು ಎಲ್ಲರೂ ಸಾರ್ ಅನ್ನುತ್ತಾರೆ, ನನ್ನನ್ನು ಬೈಯುತ್ತಾರೆ. ಅದೂ ಒಂದು ವ್ಯತ್ಯಾಸವೇ.

ನಮ್ಮಪ್ಪ ಬಾಗಲಕೋಟೆ ಕಡೆಯವನು, ಇಲ್ಲಿ ಸರ್ಕಾರದ ರಕ್ಷಣಾ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದ. ಮನೆಯಲ್ಲಿ ಜವಾರಿ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಬಸ್ಸು ಹತ್ತಿದರೆ ಹಿಂದಿ. ಹಾಗೆ ಬೆಳೆದವಳು ನಾನು. ಕಂಪ್ಯೂಟರ್ ಕಲಿಯಲಿ ಎಂದು ಅಮೀರ್‌ಪೇಟ್‌ನ ಒಂದು ಇನ್‌ಸ್ಟಿಟ್ಯೂಟಿಗೆ ಸೇರಿಸಿದರು. ಅದರ ಮೇಲಿನ ಮಹಡಿಯಲ್ಲಿ ಡಬ್ಬಿಂಗ್ ಸ್ಟುಡಿಯೋ ಇತ್ತು. ಮೆಟ್ಟಿಲ ಮೇಲೆ ಕೂತು ಬಾಗಿಲ ಸಂದಿಯಿಂದ ಬರುವ ದನಿಗಳನ್ನು ಕೇಳುತ್ತ ಕೇಳುತ್ತ ಕೋರ್ಸು ಕೆಳಗೇ ಉಳಿಯಿತು, ನಾನು ಮೇಲೆ ಹೋದೆ. ಅಪ್ಪ ಬಹಳ ದಿನ ಮಾತು ಬಿಟ್ಟಿದ್ದ. ಆಮೇಲೆ ಯಾರಾದರೂ ಕೇಳಿದರೆ "ನಮ್ಮ ಮಗಳು ಕಿವೀ ಕೆಲಸ ಮಾಡ್ತಾಳ" ಎನ್ನತೊಡಗಿದ. ಕೇಳಿದವರು ನನ್ನನ್ನು ಕಿವಿ ಡಾಕ್ಟರು ಎಂದುಕೊಂಡರೆ ಅವನೇನೂ ತಿದ್ದುತ್ತಿರಲಿಲ್ಲ.

ಶೂಟಿಂಗಿನಲ್ಲಿ ಸೌಂಡಿನವಳ ಮಾತು ಒಂದೇ: ಫ್ಯಾನ್ ಬಂದ್. ಶಾಟ್ ಶುರುವಾಗುವ ಮೊದಲು ಫ್ಯಾನು, ಎ.ಸಿ., ಫ್ರಿಜ್ಜು, ಪಕ್ಕದ ಮನೆಯ ನೀರಿನ ಮೋಟಾರು, ಗರಗರ ಅನ್ನುವುದೆಲ್ಲ ಬಂದ್. ಏಪ್ರಿಲ್ ತಿಂಗಳ ಹೈದರಾಬಾದಿನಲ್ಲಿ, ತಲೆಯ ಮೇಲೆ ಅಷ್ಟು ದೊಡ್ಡ ಲೈಟುಗಳು ಉರಿಯುತ್ತಿರುವಾಗ, ರೇಷ್ಮೆ ಸೀರೆ ಉಟ್ಟ ಹೆಂಗಸರ ನಡುವೆ ಹೋಗಿ ಫ್ಯಾನ್ ಬಂದ್ ಎಂದು ಕೂಗುವವಳನ್ನು ಯಾರು ಪ್ರೀತಿಸುತ್ತಾರೆ? ನಾನು ಬಂದರೆ ಲೈಟಿನವರು "ವಚ್ಚಿಂದಿರಾ ಫ್ಯಾನ್ ಮೇಡಂ", ಬಂದಳಪ್ಪಾ ಎಂದು ಗೊಣಗುತ್ತಿದ್ದರು. ಒಮ್ಮೆ ನಾನು ಫ್ರಿಜ್ಜು ಬಂದ್ ಮಾಡಿಸಿ ಮತ್ತೆ ಹಾಕಲು ಮರೆತು, ಅಡುಗೆಯವರ ಹಾಲೆಲ್ಲ ಒಡೆದುಹೋಗಿ, ಆ ಸಂಜೆ ಇಡೀ ಯೂನಿಟ್ಟಿಗೆ ಚಹಾ ಇಲ್ಲ. ಅಂದು ನನ್ನ ತಾತ ಮುತ್ತಾತಂದಿರಿಗೂ ಬೈಗುಳ ಬಿತ್ತು. ನಾನು ಜಗ್ಗಲಿಲ್ಲ. ನನ್ನ ಕಿವಿಗೆ ಒಂದು ಸಣ್ಣ ಗುಂಯ್ ಅನ್ನುವುದೂ ತಪ್ಪುವುದಿಲ್ಲ ಎಂಬ ಜಂಬ ನನಗಿತ್ತು.

ನಾನು ಕೂರುತ್ತಿದ್ದದ್ದು ಮಾತ್ರ ಅಲ್ಲಿ ಅಲ್ಲ. ಬಂಗಲೆಯ ಹಿಂದೆ, ಅಂಗಳ ದಾಟಿ, ಹಿತ್ತಲಿನ ಸಾಮಾನಿನ ಕೋಣೆಯಲ್ಲಿ ನನ್ನ ಮಷಿನ್ನು. ನಟರ ಸೆರಗಿನೊಳಗೆ ಸಿಕ್ಕಿಸಿದ ಸಣ್ಣ ಮೈಕಿನಿಂದ ಮಾತು ಗಾಳಿಯಲ್ಲೇ ಅಲ್ಲಿಗೆ ಬರುತ್ತಿತ್ತು. ಆ ಕೋಣೆಯಲ್ಲಿ ಮನೆಯ ಮಾಲೀಕರ ಹಳೆಯದೊಂದು ಕೂಲರ್ ಇತ್ತು, ಖಸ್ ತುಂಬಿದ್ದು. ಮಷಿನ್ನು ಬಿಸಿಯಾದರೆ ಕೆಟ್ಟುಹೋಗುತ್ತದೆ ಎಂದು ಹೇಳಿ ಅದನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ಹಾಕಿಕೊಂಡಿರುತ್ತಿದ್ದೆ. ಮಷಿನ್ನು ಬಿಸಿಯಾಗುತ್ತಿತ್ತು, ಸುಳ್ಳಲ್ಲ. ಆದರೆ ಕೂಲರಿನ ಮುಖ ಮಷಿನ್ನಿನ ಕಡೆ ಇರಲಿಲ್ಲ, ನನ್ನ ಕಡೆ ಇತ್ತು. ದೂರ ಇದ್ದೇನೆ, ಮೈಕಿಗೆ ಕೇಳುವುದಿಲ್ಲ, ಯಾರಿಗೇನು ತೊಂದರೆ ಎಂದುಕೊಂಡಿದ್ದೆ.

ಧಾರಾವಾಹಿಯಲ್ಲಿ ಅಜ್ಜಿಯ ಪಾತ್ರಕ್ಕೆ ಬಂದವರು ತುಳಸಾಬಾಯಿ. ಹುಬ್ಬಳ್ಳಿ, ಗದಗ, ವಿಜಯಪುರ ಎಂದು ನಾಟಕ ಕಂಪನಿಗಳ ಜೊತೆ ಊರೂರು ತಿರುಗಿ ವಯಸ್ಸು ಕಳೆದವರು. ಕಂಪನಿ ಮುಚ್ಚಿದ ಮೇಲೆ ನಾಂಪಲ್ಲಿಯಲ್ಲಿ ತಂಗಿಯ ಮಗಳು ಶೋಭಾಳ ಮನೆಯಲ್ಲಿದ್ದರು. ಶೋಭಾ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಹೇಗೋ ಯಾರೋ ಹೇಳಿ, ನಿರ್ದೇಶಕ ಕಿಶೋರ್ ಅವರನ್ನು ಹುಡುಕಿಕೊಂಡು ಹೋಗಿ ಕರೆತಂದಿದ್ದ. ಮೊದಲ ದಿನ ಅವರ ದನಿ ನನ್ನ ಹೆಡ್‌ಫೋನಿಗೆ ಬಿದ್ದಾಗ ನಾನು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟೆ. ಮೈಕಿಲ್ಲದೆ ಟೆಂಟಿನ ಕಟ್ಟಕಡೆಯ ಬೆಂಚಿಗೆ ಮುಟ್ಟಿಸಿ ಅಭ್ಯಾಸವಾದ ಗಂಟಲು ಅದು. ಪಿಸುಮಾತಿನಲ್ಲೂ ಒಂದಕ್ಷರ ಜಾರುತ್ತಿರಲಿಲ್ಲ.

ಒಂದೇ ತೊಡಕು. ಅವರಿಗೆ ಓದಿ ಬಾಯಿಪಾಠ ಮಾಡುವುದು ಗೊತ್ತಿರಲಿಲ್ಲ. ಕಂಪನಿ ನಾಟಕದಲ್ಲಿ ಪರದೆಯ ಸಂದಿಯಲ್ಲಿ ಒಬ್ಬ ನಿಂತು ಮಾತು ಎತ್ತಿಕೊಡುತ್ತಾನೆ, ನಟರು ಅದನ್ನು ಹಿಡಿದು ಆಡುತ್ತಾರೆ. ಅವರ ಕಲಿಕೆಯೆಲ್ಲ ಕಿವಿಯದು. ನಮ್ಮ ಸೆಟ್ಟಿನಲ್ಲೂ ಹಾಗೆ ಎತ್ತಿಕೊಡುವ ಒಬ್ಬ ಸಹಾಯಕನಿದ್ದ. ಆದರೆ ಅವನ ಕನ್ನಡ ಗುಂಟೂರಿನದು, ಗಂಟಲು ಬಸ್ ಕಂಡಕ್ಟರನದು. ಅವನ ಕೂಗು ಅಜ್ಜಿಯ ಮಾತಿನ ಮೇಲೆಯೇ ಬಿದ್ದು ನನ್ನ ರೆಕಾರ್ಡಿಂಗೆಲ್ಲ ಹಾಳು. ನಾನು ಜಗಳಕ್ಕೆ ಬಿದ್ದು ಒಂದು ದಾರಿ ಮಾಡಿದೆ. ತುಳಸಾಬಾಯಿಯ ಕಿವಿಯೊಳಗೆ ಕಡಲೆಕಾಳಿನಷ್ಟು ಸಣ್ಣ ಸ್ಪೀಕರ್ ಇಟ್ಟು, ಹಿತ್ತಲ ಕೋಣೆಯಿಂದ ನಾನೇ ಮಾತು ಎತ್ತಿಕೊಡುವುದು. ಒಂದು ಗುಂಡಿ ಒತ್ತಿ ಮಾತಾಡಿದರೆ ಅವರ ಕಿವಿಗೆ ಮಾತ್ರ ಹೋಗುತ್ತದೆ. ಇನ್ನಾರಿಗೂ ಕೇಳುವುದಿಲ್ಲ. ಅವರ ಕಿವಿಗೆ ಅದು ಹೇಗೆ ಬೀಳುತ್ತದೆ ಎಂಬುದು ನನಗೂ ಕೇಳುವುದಿಲ್ಲ.

ಅಲ್ಲಿಂದ ನಮ್ಮ ನಂಟು ಬೆಳೆಯಿತು. ಅವರ ಎದೆಯ ಮೇಲೆ ನನ್ನ ಮೈಕು, ಅವರ ಕಿವಿಯಲ್ಲಿ ನನ್ನ ದನಿ. ಶಾಟ್ ಇಲ್ಲದಾಗ ಕುರ್ಚಿಯಲ್ಲಿ ಕೂತು, ತುಟಿ ಅಲುಗಿತೋ ಇಲ್ಲವೋ ಅನ್ನುವ ಹಾಗೆ "ಕೇಳಾಕತ್ತೈತೇನವ್ವಾ ಮಂಜವ್ವಾ?" ಎನ್ನುತ್ತಿದ್ದರು. ನಾನು ಗುಂಡಿ ಒತ್ತಿ "ಹೇಳ್ರಿ ಆಯಿ" ಎನ್ನುತ್ತಿದ್ದೆ. ನಮ್ಮ ಮನೆಯಲ್ಲಿ ಅಜ್ಜಿಯನ್ನು ಆಯಿ ಅನ್ನುತ್ತೇವೆ. ಬಾಯಿಗೆ ಅದೇ ಬಂದುಬಿಟ್ಟಿತ್ತು. ಆಮೇಲೆ ಶುರು. ಸೊಸೆಯ ಪಾತ್ರದವಳ ಕಣ್ಣೀರಿಗೆ ಉಪ್ಪಿಲ್ಲ, ಮಗನ ಪಾತ್ರದವನಿಗೆ ಎದುರು ನಿಂತವರ ಮುಖಕ್ಕಿಂತ ತನ್ನ ಕ್ರಾಪಿನ ಚಿಂತೆ ಹೆಚ್ಚು, ಇವತ್ತಿನ ಬಗಾರ ಅನ್ನಕ್ಕೆ ಪುದೀನ ಹಾಕಿದವನ ಕೈ ಮುರಿಯಬೇಕು. ಇಡೀ ಯೂನಿಟ್ಟಿನ ಜಾತಕ ನನ್ನ ಕಿವಿಗೆ ಬೀಳುತ್ತಿತ್ತು. ನಾನು ಹಿತ್ತಲಲ್ಲಿ ಒಬ್ಬಳೇ ಕೂತು ನಗುತ್ತಿದ್ದೆ. ಅಂಗಳ ದಾಟಿ ಹೋಗುವವರು ಫ್ಯಾನ್ ಮೇಡಂಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು.

ತುಳಸಾಬಾಯಿಗೆ ಆ ಪಾತ್ರದಲ್ಲಿ ಬೇಕಾಗಿದ್ದದ್ದು ಒಂದೇ ದೃಶ್ಯ. ಕತೆಯಲ್ಲಿ ಅಜ್ಜಿ ಮೊದಲಿನಿಂದಲೂ ಬಾಯಿ ಮುಚ್ಚಿಕೊಂಡು ಇರುವವಳು. ಬಾ ಮಗಳೇ, ಹೋಗು ಮಗಳೇ, ದೇವರು ದೊಡ್ಡವನು, ಇಷ್ಟೇ ಅವಳ ಮಾತು. ಕೊನೆಗೊಂದು ದಿನ ಎಲ್ಲರನ್ನೂ ದೇವರ ಮನೆಯ ಮುಂದೆ ನಿಲ್ಲಿಸಿ, ಮಗನ ಕೈಯಿಂದ ಬೀಗದ ಕೈ ಕಿತ್ತುಕೊಂಡು, ಎದೆಯಲ್ಲಿದ್ದದ್ದನ್ನೆಲ್ಲ ಹೇಳುತ್ತಾಳೆ. ಆ ಮಾತುಗಳನ್ನು ಬರೆದವರು ಮೊದಲೇ ಕಳಿಸಿದ್ದರು. ನಾನು ಊಟದ ಬಿಡುವಿನಲ್ಲಿ ಅವರ ಕಿವಿಯಲ್ಲಿ ಓದುತ್ತಿದ್ದೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಕಂಪನಿಯಲ್ಲಿ ಅವರು ಆಡಿದ್ದೆಲ್ಲ ಪಕ್ಕದ ಪಾತ್ರಗಳೇ ಅಂತೆ. ರಾಣಿಯ ಸಖಿ, ನಾಯಕಿಯ ಅತ್ತೆ, ದಾಸಿ. ನಾಲ್ಕು ಮಂದಿಯನ್ನು ನಿಲ್ಲಿಸಿ ತಾನೊಬ್ಬಳೇ ಮಾತಾಡುವ ಪಾತ್ರ ಜೀವನದಲ್ಲಿ ಬಂದಿರಲಿಲ್ಲ. "ಇದೊಂದು ಆಡಿ ಬಿಟ್ನೆಂದ್ರ ಸಾಕವ್ವ, ಆಮ್ಯಾಗ ನನ್ನ ಫೋಟೋಕ್ಕ ಮಾಲಿ ಹಾಕಿದ್ರೂ ಚಿಂತಿಲ್ಲ" ಎಂದು ನಗುತ್ತಿದ್ದರು.

ಮೇ ತಿಂಗಳು ಬಂತು. ಬಂಗಲೆಯ ತಾರಸಿ ಕಾದು, ಸಂಜೆಯಾದರೂ ಗೋಡೆ ಮುಟ್ಟಲಾಗುತ್ತಿರಲಿಲ್ಲ. ಆಗ ಅವರ ಮೈಕಿನಲ್ಲಿ ಒಂದು ಸದ್ದು ಬರತೊಡಗಿತು. ಸಣ್ಣದು, ಗರ್ ಗರ್ ಅಂತ, ಮಾತಿನ ಕೊನೆಗೆ. ಸೀರೆ ಮೈಕಿಗೆ ಉಜ್ಜುತ್ತಿದೆ ಎಂದುಕೊಂಡೆ. ನಮ್ಮ ಕಸುಬಿನಲ್ಲಿ ಸದ್ದು ಬಂದರೆ ಮೊದಲು ಅನುಮಾನ ಬಟ್ಟೆಯ ಮೇಲೆ, ಆಮೇಲೆ ವಯರಿನ ಮೇಲೆ, ಆಮೇಲೆ ಪಕ್ಕದ ಮನೆಯವರ ಮೇಲೆ. ಮೈಕಿನ ಜಾಗ ಬದಲಿಸಿದೆ. ಟೇಪು ಅಂಟಿಸಿದೆ. ರೇಷ್ಮೆ ಬೇಡ, ನೂಲಿನ ಸೀರೆ ಉಡಿಸಿ ಎಂದು ಬಟ್ಟೆಯವರ ಜೊತೆ ಜಗಳವಾಡಿದೆ. ತಾಳಿಯ ಸರ ತಗುಲುತ್ತಿದೆಯೆಂದು ಅದಕ್ಕೆ ಹತ್ತಿ ಸುತ್ತಿದೆ. ಹೊಸ ಮೈಕು ಹಾಕಿದೆ. ಸದ್ದು ಹೋಗಲಿಲ್ಲ. ಆ ಮುದುಕಿಯನ್ನು ಎಬ್ಬಿಸಿ, ಕೂರಿಸಿ, ಸೆರಗು ಸರಿಸಿ, ಕೈ ಎತ್ತಿಸಿ, ಒಂದು ವಾರ ಗೋಳು ಹೊಯ್ದುಕೊಂಡೆ. ಅವರು ನಾನು ಹೇಳಿದಂತೆಲ್ಲ ಕೈ ಎತ್ತಿ ಇಳಿಸಿದರು.

ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದ ಮೇಲೆ ಹೆಡ್‌ಫೋನಿನಲ್ಲಿ ಅವರ ದನಿ ಕೇಳಿತು. "ಮಂಜವ್ವ, ಇವತ್ತು ಮತ್ತ ಮೈಕ್ ಬದಲಿ ಮಾಡಿದಿ. ಮೈಕಿನ್ಯಾಗ ಏನೂ ಇಲ್ಲವ್ವ. ಅದು ನನ್ನ ಎದಿ."

ಕೈಯಲ್ಲಿದ್ದ ಟೇಪಿನ ಸುರುಳಿಯನ್ನು ಮಷಿನ್ನಿನ ಪಕ್ಕಕ್ಕಿಟ್ಟೆ.

"ಯಾರ ಮುಂದೂ ಹೇಳಬ್ಯಾಡ. ಮೆಟ್ಟಿಲ ಹತ್ತಿದ್ರ ದಮ್ಮು ಬರತೈತಿ, ರಾತ್ರಿ ಮಕ್ಕೊಂಡ್ರ ಎದ್ದು ಕೂಡಬೇಕಾಗತೈತಿ. ಶೋಭಾಗೂ ಹೇಳಿಲ್ಲ. ಇವರಿಗೆ ಗೊತ್ತಾತಂದ್ರ ನಾಳೀನ ನನ್ನ ತಗದು ಒಗೀತಾರ. ಆ ಒಂದು ಸೀನ್ ಮುಗೀಲಿ, ನಾನ ದವಾಖಾನಿಗೆ ಹೋಗ್ತೀನಿ. ಆಣಿ ಮಾಡು."

ಗುಂಡಿ ಒತ್ತಿ ಆಯ್ತು ಆಯಿ ಎಂದೆ. ಅಷ್ಟು ಸಲೀಸಾಗಿ ಹೇಗೆ ಬಂತೋ ಆ ಮಾತು. ಈಗ ನೆನೆಸಿದರೆ ನಾಲಿಗೆ ಕಚ್ಚಿಕೊಳ್ಳಬೇಕೆನಿಸುತ್ತದೆ. ಆದರೆ ಆಗ ನನಗೂ ಆ ದೃಶ್ಯ ಬೇಕಾಗಿತ್ತು ಎಂಬುದನ್ನು ಯಾಕೆ ಮುಚ್ಚಿಡಲಿ? ಆ ಗಂಟಲು, ಆ ಮಾತುಗಳು. ಅಂಥದ್ದೊಂದನ್ನು ರೆಕಾರ್ಡ್ ಮಾಡಿ ಇಡಬೇಕೆಂಬ ಆಸೆ ನನ್ನೊಳಗೂ ಕೂತಿತ್ತು.

ಮಾರನೆಯ ದಿನದಿಂದ ನಾನು ಮಾಡಿದ್ದು ಇನ್ನೂ ಹೀನ ಕೆಲಸ. ಕಿಶೋರ್ ಅಜ್ಜಿಯ ಮಾತಿನಲ್ಲಿ ಏನೋ ಸದ್ದಿದೆ ಎಂದ. ಬಟ್ಟೆಯದು ಸಾರ್, ಸಂಜೆ ತೆಗೆದುಬಿಡುತ್ತೇನೆ ಎಂದೆ. ಸದ್ದು ತೊಳೆಯುವುದಕ್ಕೆ ನಮ್ಮಲ್ಲಿ ಸಾಫ್ಟ್‌ವೇರ್ ಇದೆ. ಯಾವುದು ಬೇಡವೋ ಅದರ ಒಂದು ಚೂರು ತೋರಿಸಿದರೆ ಸಾಕು, ಅಂಥದ್ದನ್ನೆಲ್ಲ ಹುಡುಕಿ ಒರೆಸಿಬಿಡುತ್ತದೆ. ನಾನು ತುಳಸಾಬಾಯಿಯ ಉಸಿರಿನ ಚೂರನ್ನು ತೋರಿಸಿದೆ. ಅದು ಒರೆಸಿಕೊಟ್ಟಿತು. ಟೀವಿಯಲ್ಲಿ ನೋಡಿದವರಿಗೆ ಅಜ್ಜಿ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದ್ದಳು.

ದೃಶ್ಯ ಇವತ್ತು ನಾಳೆ ಎಂದು ಮುಂದೆ ಹೋಗುತ್ತಲೇ ಇತ್ತು. ಮಗನ ಪಾತ್ರದವನಿಗೆ ಬೇರೆ ಶೂಟಿಂಗು, ಮನೆಯ ಮಾಲೀಕರಿಗೆ ಮದುವೆ. ನಾನು ದಿನವೂ ಬೆಳಿಗ್ಗೆ ಹೆಡ್‌ಫೋನ್ ಹಾಕಿಕೊಂಡ ಕೂಡಲೇ ಬೇರೆ ಎಲ್ಲರ ಮೈಕು ಮುಚ್ಚಿ ಆ ಎದೆಯನ್ನೇ ಕೇಳುತ್ತಿದ್ದೆ. ನಿನ್ನೆಗಿಂತ ಪರವಾಗಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಹಾಗೇನೂ ಇರಲಿಲ್ಲ, ನನ್ನ ಕಿವಿಗೆ ಅದು ಚೆನ್ನಾಗಿ ಗೊತ್ತಿತ್ತು. ಶಾಟಿಗೆ ಮುಂಚೆ ಅಂಗಳಕ್ಕೆ ಬಂದು ಫ್ಯಾನ್ ಬಂದ್ ಎಂದು ಕೂಗುವಾಗ ಮಾತ್ರ ನೆಲ ನೋಡುತ್ತಿದ್ದೆ. ಕೂಗಿ, ತಿರುಗಿ ನೋಡದೆ, ನನ್ನ ಕೂಲರಿನ ಮುಂದೆ ಬಂದು ಕೂರುತ್ತಿದ್ದೆ.

ಕೊನೆಗೆ ದೃಶ್ಯದ ದಿನ ಗೊತ್ತಾಯಿತು. ಅದರ ಹಿಂದಿನ ದಿನ ಮಧ್ಯಾಹ್ನ. ದೇವರ ಮನೆಯ ಮುಂದೆ ಲೈಟು ಜೋಡಿಸುತ್ತಿದ್ದರು. ನಾಳೆಗೆ ನೆರಳು ಎಲ್ಲಿ ಬೀಳುತ್ತದೆ ನೋಡಬೇಕೆಂದು ತುಳಸಾಬಾಯಿಯನ್ನು ಅಲ್ಲೇ ಕೂರಿಸಿದ್ದರು. ಅದಕ್ಕೆ ಮೊದಲಿನ ಶಾಟಿಗೆ ನಾನು ಬಂದ್ ಮಾಡಿಸಿದ್ದ ಫ್ಯಾನನ್ನು ಯಾರೂ ಮತ್ತೆ ಹಾಕಿರಲಿಲ್ಲ. ಅವರ ಮೈಕು ತೆರೆದಿತ್ತು. ಉಸಿರು ಒಳಗೆ ಹೋಗುವುದು ಕೇಳುತ್ತಿತ್ತು, ಹೊರಗೆ ಬರುವುದು ತಡವಾಗುತ್ತಿತ್ತು. ನೀರು ತುಂಬಿದ ಹುಕ್ಕಾದ ಹಾಗೆ ಒಳಗೆ ಗುಳುಗುಳು. ಗುಂಡಿ ಒತ್ತಿ ಹೇಳಿದೆ: ಆಯಿ, ಎದ್ದು ಹೊರಗ ಬರ್ರಿ. ಅವರು ತುಂಡು ತುಂಡಾಗಿ ಹೇಳಿದರು: "ಎದ್ರ... ಲೈಟ್... ಮತ್ತ ಮಾಡಬೇಕಾಗತೈತಿ."

ಅಷ್ಟು ಕೇಳಿ ನನ್ನಿಂದ ತಡೆಯಲಾಗಲಿಲ್ಲ. ಅಂಗಳದಲ್ಲಿ ಓಡಿದೆ. ಕಿಶೋರನ ತೋಳು ಹಿಡಿದು ತೆಲುಗಿನಲ್ಲಿ ಎಲ್ಲವನ್ನೂ ಒದರಿಬಿಟ್ಟೆ. ಅವರಿಗೆ ಉಸಿರಿನ ತೊಂದರೆಯಿದೆ, ಮೂರು ವಾರದಿಂದ ಇದೆ, ಈಗಲೇ ಆಸ್ಪತ್ರೆಗೆ ಒಯ್ಯಬೇಕು ಎಂದೆ. ಕಿಶೋರ್ ಲೈಟಿನವರನ್ನು ನಿಲ್ಲಿಸಿದ. ಕೆಟ್ಟವನಲ್ಲ ಅವನು. ತಾನೇ ಕಾರು ತಂದ, ತಾನೇ ನಡೆಸಿದ. ಹಿಂದಿನ ಸೀಟಿನಲ್ಲಿ ನಾನು ಮತ್ತು ಆಯಿ. ಅವರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಸ್ವಲ್ಪ ದೂರ ಹೋದ ಮೇಲೆ ಕಿವಿಯಿಂದ ಆ ಕಡಲೆಕಾಳು ತೆಗೆದು ನನ್ನ ಅಂಗೈಯಲ್ಲಿಟ್ಟರು.

"ಒಂದು ದಿನ ತಡೀಲಾಕ ಆಗಲಿಲ್ಲೇನವ್ವ ನಿನಗ?"

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಸ್ಟೆತಸ್ಕೋಪು ಇಟ್ಟು ನೋಡಿ, ತೆಗೆದು, ನಮ್ಮ ಕಡೆ ತಿರುಗಿದಳು. ಹೃದಯಕ್ಕೆ ಸುಸ್ತಾಗಿ ಶ್ವಾಸಕೋಶದಲ್ಲಿ ನೀರು ತುಂಬಿದೆ ಎಂದಳು. ಆಮೇಲೆ ಸಿಟ್ಟಿನಿಂದ ತೆಲುಗಿನಲ್ಲಿ ಕೇಳಿದಳು: ಇಷ್ಟು ಜೋರಾಗಿ ಕೇಳುತ್ತಿದೆ, ಜೊತೆಯಲ್ಲಿದ್ದವರಿಗೆ ಯಾರಿಗೂ ಇಷ್ಟು ದಿನ ಕೇಳಲಿಲ್ಲವೇ? ಶೋಭಾ ಅಷ್ಟರಲ್ಲಿ ಕಚೇರಿಯಿಂದ ಓಡಿಬಂದಿದ್ದಳು. ಇಲ್ಲ ಮೇಡಂ, ನಮಗ್ಯಾರಿಗೂ ಗೊತ್ತಾಗಲಿಲ್ಲ ಎಂದು ಅಳುತ್ತ ಹೇಳಿದಳು. ನನ್ನ ಕೊರಳಲ್ಲಿ ಹೆಡ್‌ಫೋನು ಹಾಗೇ ಜೋತುಬಿದ್ದಿತ್ತು. ಅದನ್ನು ತೆಗೆದು ಚೀಲಕ್ಕೆ ತುರುಕಿದೆ.

ಅತ್ತ ದರಿ ಇತ್ತ ಪುಲಿ ಅನ್ನುತ್ತಾರಲ್ಲ. ಹೇಳದೆ ಇದ್ದದ್ದಕ್ಕೆ ಒಂದು ಪಾಪ, ಹೇಳಿದ್ದಕ್ಕೆ ಇನ್ನೊಂದು. ಎರಡನ್ನೂ ನಾನೇ ಗಂಟು ಕಟ್ಟಿಕೊಂಡೆ. ಧಾರಾವಾಹಿ ನಿಲ್ಲುವಂತಿರಲಿಲ್ಲ, ದಿನಕ್ಕೊಂದು ಕಂತು ಹೋಗಲೇಬೇಕು. ಅಜ್ಜಿ ತೀರಿಕೊಂಡಳು ಎಂದು ಕತೆ ಬದಲಾಯಿತು. ಮೊದಲ ದಿನ ಮೇಕಪ್ ನೋಡಲು ತೆಗೆದಿದ್ದ ನಗುವ ಫೋಟೋ ದೊಡ್ಡದಾಗಿ ಬಂತು, ಅದಕ್ಕೆ ಗಂಧದ ಮಾಲೆ ಬಿತ್ತು, ಮುಂದೆ ದೀಪ ಹಚ್ಚಿದರು. ಫೋಟೋದೊಳಗಿಂದ ಅಜ್ಜಿ ಮಾತಾಡಿದಂತೆ ತೋರಿಸಬೇಕು, ಹಳೆಯ ರೆಕಾರ್ಡಿಂಗಿನಿಂದ ನಾಲ್ಕು ಮಾತು ತೆಗೆದುಕೊಡಿ, ಉಸಿರು ಕೇಳಬಾರದು ಎಂದ ಕಿಶೋರ್. ತೊಳೆದುಕೊಟ್ಟೆ. ಬೀಗದ ಕೈಯ ದೃಶ್ಯವನ್ನು ಸೊಸೆಯ ಪಾತ್ರದವಳಿಗೆ ಕೊಟ್ಟರು. ಅದೇ ಮಾತು, ಅದೇ ದೇವರ ಮನೆ. ನಾನೇ ಹೋಗಿ ಫ್ಯಾನ್ ಬಂದ್ ಎಂದೆ. ಆಕೆ ಚೆನ್ನಾಗಿಯೇ ಮಾಡಿದಳು. ಶಾಟ್ ಮುಗಿದ ಮೇಲೆ ವಾಡಿಕೆಯಂತೆ ಕಿಶೋರ್ "ಸೌಂಡ್ ಓಕೆ?" ಎಂದು ಕೂಗಿದ, ನಾನು ಓಕೆ ಎಂದು ಕೂಗಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಆಸ್ಪತ್ರೆಗೆ ಇನ್ನೊಮ್ಮೆ ಹೋದೆ. ವಾರ್ಡಿನ ಬಾಗಿಲಲ್ಲಿ ನಿಂತು ನೋಡಿದರೆ ಶೋಭಾ ಮೊಬೈಲಿನಲ್ಲಿ ಆವತ್ತಿನ ಕಂತು ತೋರಿಸುತ್ತಿದ್ದಳು. ಬೇಡವೆಂದರೂ ಆಯಿ ಹಟ ಹಿಡಿದು ಹಾಕಿಸಿಕೊಂಡಿದ್ದಿರಬೇಕು. ಮೂಗಿಗೆ ಆಮ್ಲಜನಕದ ನಳಿಗೆ, ಕಣ್ಣು ಮಾತ್ರ ಮಾಲೆ ಹಾಕಿದ ತನ್ನದೇ ಫೋಟೋದ ಮೇಲೆ. ನಾನು ಒಳಗೆ ಹೋಗಲಿಲ್ಲ. ತಂದಿದ್ದ ಮೋಸಂಬಿಯನ್ನು ನರ್ಸಿನ ಕೈಯಲ್ಲಿ ಕೊಟ್ಟು ಮೆಟ್ಟಿಲಿಳಿದೆ. ಜೂನಿನಲ್ಲಿ ಮೊದಲ ಮಳೆ ಬಂತು, ಕೂಲರಿಗೆ ಗೋಣಿ ಹೊದಿಸಿದರು, ನಾನು ಬೇರೆ ಕೆಲಸ ಹಿಡಿದೆ. ಆಯಿ ಹುಷಾರಾಗಿ ಮನೆಗೆ ಹೋದರೆಂದು ಯಾರೋ ಹೇಳಿದರು. ನಾಂಪಲ್ಲಿಯ ಮೇಲೆ ಬಸ್ಸು ಹೋದಾಗಲೆಲ್ಲ ನಾನು ಮೊಬೈಲು ತೆಗೆದು ತಲೆ ತಗ್ಗಿಸುತ್ತಿದ್ದೆ.

ಮೊನ್ನೆ ಆ ಖಸ್ ವಾಸನೆ ಹೊಡೆದಾಗ ಏನಾಯಿತೋ, ಸಿಕ್ಕ ಆಟೋ ಹತ್ತಿ ನಾಂಪಲ್ಲಿ ಎಂದೆ.

ಬಾಗಿಲು ತೆಗೆದವಳು ಶೋಭಾ. ಗುರುತು ಹಿಡಿದು, ದೊಡ್ಡವ್ವಾ ನೋಡು ಯಾರು ಬಂದಾರ ಎಂದು ಒಳಗೆ ಕೂಗಿದಳು. ಕೋಣೆಯಲ್ಲಿ ಮಂಚದ ಮೇಲೆ ಆಯಿ ಕೂತಿದ್ದರು. ಅರ್ಧಕ್ಕರ್ಧ ಆಗಿದ್ದರು. ಕಾಲು ಊದಿದ್ದವು. ಮೇಲೆ ಫ್ಯಾನು ಕಟಕಟ ಎನ್ನುತ್ತ ತಿರುಗುತ್ತಿತ್ತು. ನನ್ನನ್ನು ನೋಡಿ ಮಂಚದ ಮೇಲಿನ ಹೊದಿಕೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ "ಬಾ, ಕೂಡು" ಎಂದರು. ನಾನು ಕೂತೆ. ಆಟೋದಲ್ಲಿ ಏನೇನೋ ಮಾತು ಜೋಡಿಸಿಕೊಂಡು ಬಂದಿದ್ದೆ, ನನ್ನದು ತಪ್ಪಾಯಿತು ಆಯಿ ಎಂದಷ್ಟೇ ಹೊರಬಂತು. ಯಾವ ತಪ್ಪು ಎಂದು ಅವರು ಕೇಳಲಿಲ್ಲ.

"ನೀ ಹೇಳಿದ್ದಕ್ಕ ಉಳಿದೀನಿ. ಸಿಟ್ಟಿಲ್ಲ ಅಂದ್ರ ಸುಳ್ಳಾಗತೈತಿ. ಎರಡೂ ಅದಾವ ಮಂಜವ್ವ ಒಳಗ."

ಶೋಭಾ ಚಹಾ ತರಲು ಹೋದಳು. ಆಯಿ ಮೆಲ್ಲಗೆ ಮಂಚದಿಂದ ಕಾಲು ಇಳಿಸಿದರು, ಗೋಡೆ ಹಿಡಿದು ಎದ್ದರು. ನೀರು ಬೇಕೇನೋ ಎಂದು ನಾನು ಏಳುವಷ್ಟರಲ್ಲಿ ಕೈ ಸ್ವಿಚ್ಚಿಗೆ ಹೋಗಿತ್ತು. ಫ್ಯಾನು ಕಟಕಟ ಎನ್ನುತ್ತ ನಿಧಾನವಾಗಿ ನಿಂತಿತು. ಸೆರಗು ಸರಿಮಾಡಿಕೊಂಡು, ಮಂಚದ ಚೌಕಟ್ಟು ಹಿಡಿದು, ನನ್ನ ತಲೆಯ ಮೇಲೆ ಎಲ್ಲೋ ದೂರಕ್ಕೆ ನೋಡುತ್ತ ಶುರುಮಾಡಿದರು. ಯಾರೂ ಎತ್ತಿಕೊಡಲಿಲ್ಲ. ಬರೆದವರ ಪುಸ್ತಕದ ಕನ್ನಡವನ್ನು ತಮ್ಮ ಮಾತಿಗೆ ತಿರುಗಿಸಿಕೊಂಡಿದ್ದರು.

"ಈ ಮನಿಗೆ ಬಂದಾಗಿನಿಂದ ಎಲ್ಲಾರ ಮಾತು ಕೇಳೀನಿ. ಗಂಡನ ಮಾತು ಕೇಳೀನಿ, ಮಗನ ಮಾತು ಕೇಳೀನಿ, ಗ್ವಾಡಿ ಮ್ಯಾಲಿನ ಹಲ್ಲಿ ಮಾತೂ ಕೇಳೀನಿ. ನನಗೂ ಒಂದು ಬಾಯಿ ಐತಿ ಅನ್ನೋದು ನಿಮಗ್ಯಾರಿಗೂ ನೆನಪಾಗಲಿಲ್ಲ. ಇವತ್ತ ನೀವು ಸುಮ್ಮನ ನಿಂತು ಕೇಳ್ರಿ..."

ಪೂರ್ತಿ ಹೇಳಿದರು. ಎರಡು ಮಾತಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು, ಆ ಗರ್ ಗರ್ ಈಗಲೂ ಇತ್ತು. ನಾನು ಒರೆಸಿಹಾಕಿದ್ದ ಸದ್ದು ಮಾತಿನ ಜೊತೆಜೊತೆಗೇ ಬರುತ್ತಿತ್ತು. ನನ್ನ ಹತ್ತಿರ ಮೈಕಿರಲಿಲ್ಲ, ಮಷಿನ್ನಿರಲಿಲ್ಲ. ಚಹಾದ ಲೋಟ ಹಿಡಿದ ಶೋಭಾ ಬಾಗಿಲಲ್ಲೇ ನಿಂತಿದ್ದಳು. ಮುಗಿಯಿತು. ಆಯಿ ಹಾಗೇ ನಿಂತಿದ್ದರು, ಹಣೆಯ ಬೆವರು ಕುಂಕುಮಕ್ಕೆ ಇಳಿಯುತ್ತಿತ್ತು.

"ಸೌಂಡ್ ಓಕೆ ಏನವ್ವಾ?"

ಓಕೆ ಆಯಿ ಎಂದು ಹೇಳಿ, ಅಳು ಕಾಣಬಾರದೆಂದು ತಿರುಗಿ ಫ್ಯಾನು ಹಾಕಲು ಗೋಡೆಯ ಹತ್ತಿರ ಹೋದೆ. ಹಿಂದಿನಿಂದ ಅವರು ಮಂಚದ ಮೇಲೆ ಕೂರುತ್ತ ಹೇಳಿದರು:

"ಆ ಮನ್ಯಾಗ ಫ್ಯಾನ್ ಬಂದ್ ಅಂದಾಗ ಎಲ್ಲಾರೂ ಒದ್ದಾಡ್ತಿದ್ರು, ನಂಗ ಅಷ್ಟು ಅನಸ್ತಿದ್ದಿಲ್ಲ ನೋಡು. ಕಿವ್ಯಾಗ ನಿನ್ನ ಮಾತಿನ ಹಿಂದ ಕೂಲರ್ ತಿರಗೂದು ಕೇಳ್ತಿತ್ತು. ಅದನ್ನ ಕೇಳಕೋತ ಕೂತ್ರ ನನಗೂ ಗಾಳಿ ಬಂದಂಗ ಆಗ್ತಿತ್ತು."

ಸ್ವಿಚ್ಚಿನ ಮೇಲಿಟ್ಟ ಬೆರಳು ಅಲ್ಲೇ ಇತ್ತು. ಒಂದು ಸಣ್ಣ ಗುಂಯ್ ಸದ್ದೂ ತಪ್ಪದ ಕಿವಿ ನನ್ನದು. ಬೇಸಿಗೆಯೆಲ್ಲ ನನ್ನ ಕೂಲರು ಆ ಮುದುಕಿಯ ಕಿವಿಯಲ್ಲಿ ತಿರುಗುತ್ತಲೇ ಇತ್ತು.

"ಹಾಕವ್ವ ಇನ್ನ," ಎಂದರು ಆಯಿ. "ಸೆಕಿ ಭಾಳ ಐತಿ."